ಹಳಿ ಮುಗಿದ ಮೇಲಿನ ಕೆಲಸ

ದೆಹಲಿ–ಮೀರತ್ ಪ್ರಾದೇಶಿಕ ರೈಲು ಪ್ರಯಾಣಿಕರಿಗೆ ಸಜ್ಜಾದ ಬಗೆ

2023ರ ಅಕ್ಟೋಬರ್ 20ರಂದು ಉತ್ತರ ಪ್ರದೇಶದ ಸಾಹಿಬಾಬಾದ್ ನಿಲ್ದಾಣದಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ದೇಶದ ಮೊದಲ ಪ್ರಾದೇಶಿಕ ಕ್ಷಿಪ್ರ ರೈಲಿಗೆ ಹಸಿರು ನಿಶಾನೆ ತೋರಿದರು. ಮರುದಿನ ಬೆಳಿಗ್ಗೆ 6 ಗಂಟೆಯಿಂದ ಟಿಕೆಟ್ ಕೊಂಡ ಸಾಮಾನ್ಯ ಜನ ಅದರಲ್ಲಿ ಓಡಾಡತೊಡಗಿದರು. ಸಾಹಿಬಾಬಾದ್‌ನಿಂದ ದುಹಾಯಿ ಡಿಪೊವರೆಗೆ 17 ಕಿಲೋಮೀಟರ್, ಐದು ನಿಲ್ದಾಣ. ಆಗ ಸಾಮಾನ್ಯ ಬೋಗಿಯಲ್ಲಿ ಕನಿಷ್ಠ ದರ 20 ರೂಪಾಯಿ, ಈ ತುದಿಯಿಂದ ಆ ತುದಿಗೆ 50 ರೂಪಾಯಿ. ಹದಿನೈದು ನಿಮಿಷಕ್ಕೊಂದು ರೈಲು ಇತ್ತು.

ಅದೇ ಸಮಾರಂಭದಲ್ಲಿ, ಅದೇ ವೇದಿಕೆಯಿಂದ, ನಮ್ಮ ಬೆಂಗಳೂರು ಮೆಟ್ರೊದ ನೇರಳೆ ಮಾರ್ಗದ ಎರಡು ತುಂಡುಗಳೂ ಲೋಕಾರ್ಪಣೆಯಾದವು: ಬೈಯಪ್ಪನಹಳ್ಳಿ–ಕೆ.ಆರ್. ಪುರ ಮತ್ತು ಕೆಂಗೇರಿ–ಚಲ್ಲಘಟ್ಟ. ಬೆಂಗಳೂರಿನ ಜನ ಮಾತ್ರ ಅಷ್ಟರಲ್ಲಾಗಲೇ ಹನ್ನೊಂದು ದಿನದಿಂದ ಆ ಹಳಿಯ ಮೇಲೆ ಓಡಾಡುತ್ತಿದ್ದರು. ಅಕ್ಟೋಬರ್ 9ರ ಬೆಳಿಗ್ಗೆ ಹಾರ, ತುರಾಯಿ, ಭಾಷಣ ಯಾವುದೂ ಇಲ್ಲದೆ ಅಲ್ಲಿ ಸಂಚಾರ ಆರಂಭವಾಗಿತ್ತು.

ರೈಲು ಮಾರ್ಗದ ಬಾಳಿನಲ್ಲಿ ಸಮಾರಂಭದ ದಿನ ಒಂದು, ಸಿದ್ಧವಾದ ದಿನ ಇನ್ನೊಂದು. ಮೊದಲನೆಯದು ಕಲ್ಲಿನ ಫಲಕದ ಮೇಲೆ ಕೆತ್ತಿರುತ್ತದೆ. ಎರಡನೆಯದು ಎಲ್ಲೂ ಕೆತ್ತಿರುವುದಿಲ್ಲ. ಸಹಿ ಹಾಕಿದ ಕಡತದೊಳಗೆ, ಪರೀಕ್ಷೆಯ ವರದಿಗಳ ನಡುವೆ, ರಾತ್ರಿಪಾಳಿ ಮಾಡಿದವರ ನೆನಪಿನಲ್ಲಿ ಉಳಿದುಬಿಡುತ್ತದೆ. ಮನೆ ಕಟ್ಟಿ ನೋಡು ಎನ್ನುವ ಗಾದೆ ನಮ್ಮಲ್ಲಿದೆ. ಕಟ್ಟಿದ ಮನೆಯಲ್ಲಿ ನಲ್ಲಿ ತಿರುಗಿಸಿ, ದೀಪ ಹಾಕಿ, ಮಳೆಗಾಲದಲ್ಲಿ ಸೂರು ಸೋರುತ್ತದೋ ಎಂದು ನೋಡಿ, ಆಮೇಲೆ ಮಕ್ಕಳು ಮುದುಕರನ್ನು ಒಳಗೆ ಕರೆದುಕೊಳ್ಳುವ ಕೆಲಸಕ್ಕೆ ಗಾದೆಯಿಲ್ಲ. ಈ ಲೇಖನ ಆ ಕೆಲಸದ ಬಗ್ಗೆ.

ಎಂಟರಲ್ಲಿ ಆರಿಸಿದ ಮೂರು, ಮೂರರಲ್ಲಿ ಮೊದಲನೆಯದು

ದೆಹಲಿಯ ಸುತ್ತಲಿನ ಊರುಗಳು ದೆಹಲಿಯನ್ನೇ ನಂಬಿ ಬೆಳೆದವು. ಗಾಜಿಯಾಬಾದ್, ಮೀರತ್, ಪಾಣಿಪತ್, ಗುರುಗ್ರಾಮ, ಆಲ್ವಾರ್ ಕಡೆಯಿಂದ ದಿನವೂ ಲಕ್ಷಗಟ್ಟಲೆ ಜನ ಕೆಲಸಕ್ಕೆ, ಓದಿಗೆ, ಆಸ್ಪತ್ರೆಗೆ ರಾಜಧಾನಿಗೆ ಬಂದು ಹೋಗುತ್ತಾರೆ. ಮೀರತ್‌ನಿಂದ ದೆಹಲಿಗೆ ರಸ್ತೆಯಲ್ಲಿ ಮೂರು ನಾಲ್ಕು ಗಂಟೆ ಹಿಡಿಯುತ್ತಿದ್ದ ಕಾಲವೊಂದಿತ್ತು. ಮೆಟ್ರೊ ನಗರದೊಳಗಿನ ಸವಾರಿ: ಕಿಲೋಮೀಟರಿಗೊಂದು ನಿಲ್ದಾಣ, ಸಾಧಾರಣ ವೇಗ. ದೂರದೂರಿನ ಎಕ್ಸ್‌ಪ್ರೆಸ್ ರೈಲುಗಳಿಗೆ ಬೇರೆಯದೇ ವೇಳಾಪಟ್ಟಿ, ಬೇರೆಯದೇ ಹೊಣೆ. ಇವೆರಡರ ನಡುವೆ ಒಂದು ಜಾಗ ಖಾಲಿಯಿತ್ತು.

ಆ ಜಾಗವನ್ನು ತುಂಬುವ ಯೋಚನೆ 2005ರಲ್ಲಿ ಯೋಜನಾ ಆಯೋಗ ನೇಮಿಸಿದ ಕಾರ್ಯಪಡೆಯಿಂದ ಮೊದಲಾಯಿತು. ರಾಷ್ಟ್ರ ರಾಜಧಾನಿ ಪ್ರದೇಶ ಯೋಜನಾ ಮಂಡಳಿ 2032ನೇ ಇಸವಿಯನ್ನು ಕಣ್ಣಮುಂದಿಟ್ಟು ತಯಾರಿಸಿದ ಸಾರಿಗೆ ಯೋಜನೆಯಲ್ಲಿ ಎಂಟು ಮಾರ್ಗಗಳನ್ನು ಗುರುತಿಸಿತು. ಮೊದಲ ಹಂತಕ್ಕೆ ಮೂರನ್ನು ಆರಿಸಲಾಯಿತು: ದೆಹಲಿ–ಗಾಜಿಯಾಬಾದ್–ಮೀರತ್, ದೆಹಲಿ–ಗುರುಗ್ರಾಮ–ಆಲ್ವಾರ್, ದೆಹಲಿ–ಪಾಣಿಪತ್.

ಇದನ್ನು ಕಟ್ಟಲು 2013ರಲ್ಲಿ ರಾಷ್ಟ್ರ ರಾಜಧಾನಿ ಪ್ರದೇಶ ಸಾರಿಗೆ ನಿಗಮ, ಅಂದರೆ ಎನ್‌ಸಿಆರ್‌ಟಿಸಿ, ಹುಟ್ಟಿತು. ನಿಗಮದ ಪಾಲುದಾರಿಕೆಯೇ ಅದರ ಸ್ವಭಾವವನ್ನು ಹೇಳುತ್ತದೆ. ಕೇಂದ್ರ ಸರ್ಕಾರದ ಪಾಲು ಶೇ 50. ಉಳಿದರ್ಧವನ್ನು ದೆಹಲಿ, ಹರಿಯಾಣ, ರಾಜಸ್ಥಾನ, ಉತ್ತರ ಪ್ರದೇಶ ತಲಾ ಶೇ 12.5ರಂತೆ ಹಂಚಿಕೊಂಡವು. ನಾಲ್ಕು ಸರ್ಕಾರ, ನಾಲ್ಕು ಬಜೆಟ್, ನಾಲ್ಕು ಬಗೆಯ ಜಮೀನು ಕಾಗದಪತ್ರ. ಎಲ್ಲರೂ ಒಂದೇ ಮೇಜಿನ ಸುತ್ತ ಕೂರದೆ ಒಂದು ಕಂಬವೂ ಏಳುವಂತಿರಲಿಲ್ಲ. ಗಡಿ ದಾಟಿ ದುಡಿಯಲು ಹೋಗುವ ಜನರಿಗೆ ಗಡಿ ದಾಟಿ ಯೋಚಿಸುವ ಸಂಸ್ಥೆಯೇ ಬೇಕಿತ್ತು.

2019ರ ಫೆಬ್ರವರಿಯಲ್ಲಿ ಕೇಂದ್ರ ಸಚಿವ ಸಂಪುಟ ಮೀರತ್ ಮಾರ್ಗಕ್ಕೆ ಒಪ್ಪಿಗೆ ಕೊಟ್ಟಿತು. ಅಂದಾಜು ವೆಚ್ಚ 30,274 ಕೋಟಿ ರೂಪಾಯಿ. ಮಾರ್ಚ್ 8ರಂದು ಶಂಕುಸ್ಥಾಪನೆ ಆಯಿತು. ಏಷ್ಯನ್ ಅಭಿವೃದ್ಧಿ ಬ್ಯಾಂಕ್, ಏಷ್ಯನ್ ಮೂಲಸೌಕರ್ಯ ಹೂಡಿಕೆ ಬ್ಯಾಂಕ್ ಮತ್ತು ನ್ಯೂ ಡೆವಲಪ್‌ಮೆಂಟ್ ಬ್ಯಾಂಕ್ ಸಾಲ ಕೊಟ್ಟವು. ಒಟ್ಟು ಉದ್ದ 82 ಕಿಲೋಮೀಟರ್. ಅದರಲ್ಲಿ 68 ಕಿಲೋಮೀಟರ್ ಕಂಬಗಳ ಮೇಲೆ, ಸುಮಾರು 14 ಕಿಲೋಮೀಟರ್ ನೆಲದಡಿ. ವಿನ್ಯಾಸದ ವೇಗ ಗಂಟೆಗೆ 180 ಕಿಲೋಮೀಟರ್, ಓಡಿಸುವ ವೇಗ 160. ನಿಲ್ದಾಣಗಳಲ್ಲಿ ನಿಂತು ಹೊರಡುವುದೂ ಸೇರಿ ಸರಾಸರಿ 100 ಕಿಲೋಮೀಟರ್ ವೇಗ ಸಿಗಬೇಕು, ದೆಹಲಿಯಿಂದ ಮೀರತ್‌ಗೆ ಒಂದು ಗಂಟೆಯೊಳಗೆ ತಲುಪಬೇಕು ಎಂಬುದು ಲೆಕ್ಕ.

ಡಿಪೊ ಇದ್ದಲ್ಲಿಂದ ಆರಂಭ

82 ಕಿಲೋಮೀಟರನ್ನೂ ಮುಗಿಸಿ ಒಂದೇ ದಿನ ಬಾಗಿಲು ತೆರೆಯುವ ಹಟವನ್ನು ನಿಗಮ ಹಿಡಿಯಲಿಲ್ಲ. ಮೊದಲು ಒಂದು ತುಂಡು, ಆಮೇಲೆ ಅದರ ಎರಡೂ ಕಡೆಗೆ ಉಳಿದದ್ದು ಎಂದು ತೀರ್ಮಾನಿಸಿತು. ಆರಿಸಿಕೊಂಡ ತುಂಡು ಸಾಹಿಬಾಬಾದ್, ಗಾಜಿಯಾಬಾದ್, ಗುಲ್ಧರ್, ದುಹಾಯಿ, ದುಹಾಯಿ ಡಿಪೊ. ಇದು ದೆಹಲಿಯನ್ನೂ ಮುಟ್ಟುತ್ತಿರಲಿಲ್ಲ, ಮೀರತ್ತನ್ನೂ ಮುಟ್ಟುತ್ತಿರಲಿಲ್ಲ. ನಡುವಿನ ಈ ಭಾಗವನ್ನೇಕೆ ಮೊದಲು ಕಟ್ಟಬೇಕೆಂದು ಕೇಳುವವರಿಗೆ ಉತ್ತರ ಆ ಕೊನೆಯ ಹೆಸರಿನಲ್ಲಿದೆ. ರೈಲುಗಳನ್ನು ಇಳಿಸಿಕೊಳ್ಳಲು, ಜೋಡಿಸಲು, ತೊಳೆಯಲು, ರಿಪೇರಿ ಮಾಡಲು, ರಾತ್ರಿ ನಿಲ್ಲಿಸಲು ಡಿಪೊ ಬೇಕು. ಡಿಪೊ ಇಲ್ಲದ ಹಳಿ ಕೊಟ್ಟಿಗೆಯಿಲ್ಲದ ಹಟ್ಟಿಯಂತೆ. ಎಲ್ಲಿ ಡಿಪೊವೋ ಅಲ್ಲೇ ಪರೀಕ್ಷೆ, ಅಲ್ಲೇ ಪಾಠ, ಅಲ್ಲಿಂದಲೇ ಮೊದಲ ಸಂಚಾರ.

2019ರ ಜೂನ್‌ನಲ್ಲಿ ಈ ಭಾಗದ ಕಾಮಗಾರಿ ಆರಂಭವಾಯಿತು. ವರ್ಷ ತುಂಬುವ ಮೊದಲೇ ಕೋವಿಡ್ ಬಂತು, ಲಾಕ್‌ಡೌನ್ ಬಂತು, ಕಾರ್ಮಿಕರು ಊರುಗಳತ್ತ ಹೊರಟರು. ಅಷ್ಟಾದರೂ ಕೆಲಸ ಹಿಡಿದು ಸುಮಾರು ನಾಲ್ಕು ವರ್ಷ ನಾಲ್ಕು ತಿಂಗಳಲ್ಲಿ ಪ್ರಯಾಣಿಕರು ರೈಲು ಹತ್ತಿದರು.

ಹಳಿಯ ಬಗ್ಗೆ ಎರಡು ಮಾತು ಹೇಳಬೇಕು. ನಾವು ಬಾಲ್ಯದಿಂದ ನೋಡಿದ ಹಳಿಯ ಕೆಳಗೆ ಜಲ್ಲಿಕಲ್ಲು ಇರುತ್ತದೆ. ರೈಲು ಓಡಿದಂತೆಲ್ಲ ಜಲ್ಲಿ ಕದಲುತ್ತದೆ, ಅದನ್ನು ಮತ್ತೆ ಮತ್ತೆ ಗಟ್ಟಿಸಿ ಸಮ ಮಾಡಬೇಕು. ಎತ್ತರದ ಸೇತುವೆಯ ಮೇಲೆ, ಇಷ್ಟು ವೇಗದ ಓಟಕ್ಕೆ, ಕೆಲವೇ ನಿಮಿಷಕ್ಕೊಂದು ರೈಲು ಬಿಡಬೇಕಾದ ಮಾರ್ಗಕ್ಕೆ ಆ ಪದ್ಧತಿ ಒಗ್ಗುವುದಿಲ್ಲ. ಆದ್ದರಿಂದ ಇಲ್ಲಿ ಆಸ್ಟ್ರಿಯಾ ಮೂಲದ ತಂತ್ರಜ್ಞಾನದ ಕಾಂಕ್ರೀಟ್ ಹಲಗೆಗಳನ್ನು ಬಳಸಿದರು. ಮೀರತ್‌ನ ಶತಾಬ್ದಿ ನಗರದ ಕಾರ್ಖಾನೆಯಲ್ಲಿ ಅಚ್ಚು ಹಾಕಿದ, ಸುಮಾರು 4 ಮೀಟರ್ ಉದ್ದ, 2.4 ಮೀಟರ್ ಅಗಲದ ಹಲಗೆಗಳು ಅವು. ಒಂದೊಂದನ್ನೂ ಲಾರಿಯಲ್ಲಿ ತಂದು, ಸೇತುವೆಯ ಮೇಲೆ ಕೂರಿಸಿ, ಮಟ್ಟ ನೋಡಿ, ಅದರ ಮೇಲೆ ಹಳಿ ಬಿಗಿದರು. ಹಳಿಗಳ ಅಂತರ 1,435 ಮಿಲಿಮೀಟರ್, ಅಂದರೆ ಸ್ಟ್ಯಾಂಡರ್ಡ್ ಗೇಜ್. ನೆಲದಡಿ ಸುರಂಗದ ವ್ಯಾಸ 6.5 ಮೀಟರ್, ದೆಹಲಿ ಮೆಟ್ರೊದ ಸುರಂಗಕ್ಕಿಂತ ದೊಡ್ಡದು. ವೇಗವಾಗಿ ಸುರಂಗ ಹೊಕ್ಕ ರೈಲು ಪಿಚಕಾರಿಯ ದಂಟಿನಂತೆ ಮುಂದಿನ ಗಾಳಿಯನ್ನು ಒತ್ತುತ್ತದೆ. ಆ ಒತ್ತಡಕ್ಕೆ ಜಾಗ ಬಿಡದಿದ್ದರೆ ಒಳಗೆ ಕೂತವರ ಕಿವಿಗೆ ಅದು ತಿಳಿಯುತ್ತದೆ.

ಹೀಗೆ ಕಂಬ, ತೊಲೆ, ಹಲಗೆ, ಹಳಿ ಎಲ್ಲ ಮುಗಿದಾಗ ದಾರಿಯಲ್ಲಿ ಹೋಗುವವರು ತಲೆಯೆತ್ತಿ ನೋಡಿ ‘ಆಯ್ತಲ್ಲ, ಇನ್ನೇನು ರೈಲು ಬಿಡುತ್ತಾರೆ’ ಅನ್ನುತ್ತಾರೆ. ನಿಜವಾದ ಸಿದ್ಧತೆ ಅಲ್ಲಿಂದ ಮುಂದಿನದು.

ತಂತಿಗೆ ಜೀವ ಬಂದಾಗ

ಹಳಿಯ ಮೇಲ್ಗಡೆ ಹಾದಿರುವ ತಾಮ್ರದ ತಂತಿಯಲ್ಲಿ ಹರಿಯುವುದು 25,000 ವೋಲ್ಟ್. ನಮ್ಮ ಮನೆಯ ಪ್ಲಗ್ಗಿನಲ್ಲಿರುವುದರ ನೂರು ಪಟ್ಟಿಗೂ ಹೆಚ್ಚು. ಇಂಥ ತಂತಿಗೆ ಮೊದಲ ಬಾರಿ ವಿದ್ಯುತ್ ಬಿಡುವ ಮೊದಲು ರೈಲ್ವೆ ಲೋಕದಲ್ಲಿ ಒಂದು ಕಟ್ಟುನಿಟ್ಟಾದ ಕ್ರಮವಿದೆ. ಕೆಲಸಗಾರರು ಕಂಬದಿಂದ ಕಂಬಕ್ಕೆ ನಡೆದು ಪ್ರತಿ ಕೊಂಡಿ, ಪ್ರತಿ ಪಿಂಗಾಣಿ ಬುಡ್ಡಿಯನ್ನೂ ನೋಡುತ್ತಾರೆ. ತಂತಿ ಎಲ್ಲೂ ಕಡಿದಿಲ್ಲ, ಎಲ್ಲೂ ನೆಲಕ್ಕೆ ತಾಗಿಲ್ಲ ಎಂದು ಉಪಕರಣದಿಂದ ಅಳೆಯುತ್ತಾರೆ. ಮೇಲೆ ಯಾರಾದರೂ ಬಿಟ್ಟು ಬಂದ ಏಣಿ, ಹಗ್ಗ, ಪಾನಾ ಇದೆಯೇ ಎಂದು ಹುಡುಕುತ್ತಾರೆ. ಪತ್ರಿಕೆಗಳಲ್ಲಿ ಎಚ್ಚರಿಕೆಯ ಪ್ರಕಟಣೆ ಬರುತ್ತದೆ: ಇಂಥ ದಿನಾಂಕದಿಂದ ಈ ತಂತಿಯನ್ನು ಸದಾಕಾಲ ವಿದ್ಯುತ್ ಇರುವುದೆಂದೇ ತಿಳಿಯಬೇಕು.

‘ಸದಾಕಾಲ’ ಎಂಬ ಮಾತಿನಲ್ಲೇ ಎಲ್ಲ ಇದೆ. ಅಲ್ಲಿಯ ತನಕ ಅದೊಂದು ಕಾಮಗಾರಿಯ ಜಾಗ. ಕಾರ್ಮಿಕ ಬೇಕೆಂದಾಗ ಹತ್ತುತ್ತಿದ್ದ, ಇಳಿಯುತ್ತಿದ್ದ. ಆ ದಿನದಿಂದ ಅದು ರೈಲ್ವೆ. ಅನುಮತಿಯ ಚೀಟಿಯಿಲ್ಲದೆ, ವಿದ್ಯುತ್ ನಿಲ್ಲಿಸಿ ಭೂಸಂಪರ್ಕ ಕೊಡದೆ, ಯಾರೂ ಹತ್ತಿರ ಸುಳಿಯುವಂತಿಲ್ಲ. ಹತ್ತು ದಿನದ ಹಿಂದೆ ತಾನೇ ಬಿಗಿದ ಬೋಲ್ಟಿನ ಹತ್ತಿರ ಹೋಗಲು ಈಗ ಕೇಳಿಕೊಂಡೇ ಹೋಗಬೇಕು. ಕಟ್ಟಿದವರ ಕೈಯಿಂದ ನಡೆಸುವವರ ಕೈಗೆ ಮಾರ್ಗ ದಾಟುವುದು ಹೀಗೆ, ಒಂದು ಸ್ವಿಚ್ಚಿನ ಜೊತೆಗೆ.

ರಸ್ತೆಯಲ್ಲಿ ಬಂದ ರೈಲು

ಇನ್ನು ರೈಲು. ಒಟ್ಟು 210 ಬೋಗಿಗಳಿಗೆ ಗುತ್ತಿಗೆ ಆಗಿತ್ತು. ಆರು ಬೋಗಿಯ 30 ರೈಲು ಪ್ರಾದೇಶಿಕ ಸಂಚಾರಕ್ಕೆ, ಮೂರು ಬೋಗಿಯ 10 ರೈಲು ಇದೇ ಹಳಿಯ ಮೇಲೆ ಮೀರತ್ ನಗರದೊಳಗೆ ಓಡಬೇಕಾದ ಮೆಟ್ರೊಗೆ. ವಿನ್ಯಾಸ ಹೈದರಾಬಾದ್‌ನಲ್ಲಿ, ತಯಾರಿ ಗುಜರಾತಿನ ಸಾವ್ಲಿಯಲ್ಲಿರುವ ಆಲ್‌ಸ್ಟಮ್ ಕಾರ್ಖಾನೆಯಲ್ಲಿ. 2022ರ ಮೇ 7ರಂದು ಮೊದಲ ರೈಲನ್ನು ನಿಗಮಕ್ಕೆ ಒಪ್ಪಿಸಿದರು.

ಸ್ಟ್ಯಾಂಡರ್ಡ್ ಗೇಜಿನ ಬೋಗಿ ನಮ್ಮ ದೇಶದ ಅಗಲ ಹಳಿಯ ಮೇಲೆ ಓಡಲಾರದು. ಹಾಗಾಗಿ ರೈಲು ರಸ್ತೆಯಲ್ಲೇ ಬಂತು. ಒಂದೊಂದು ಬೋಗಿಯನ್ನೂ ಉದ್ದನೆಯ ಟ್ರೈಲರ್ ಮೇಲೆ ಏರಿಸಿ, ಹೊದಿಕೆ ಹೊದಿಸಿ, ತಿರುವು ಬಂದಲ್ಲಿ ನಿಧಾನಿಸಿ, ಗುಜರಾತಿನಿಂದ ಉತ್ತರ ಪ್ರದೇಶದವರೆಗೆ ತಂದರು. ಜೂನ್ ತಿಂಗಳಲ್ಲಿ ದುಹಾಯಿ ಡಿಪೊದಲ್ಲಿ ಕ್ರೇನುಗಳು ಅದನ್ನು ಎತ್ತಿ ಹಳಿಗಿಳಿಸಿದವು. ಗಂಟೆಗೆ 160 ಕಿಲೋಮೀಟರ್ ಓಡಲೆಂದೇ ಹುಟ್ಟಿದ ಬೋಗಿ ತನ್ನ ಮೊದಲ ದೂರದ ಪ್ರಯಾಣವನ್ನು ಲಾರಿಯ ಬೆನ್ನ ಮೇಲೆ, ಲಾರಿಯ ವೇಗದಲ್ಲಿ ಮಾಡಿತು.

ಬಂದಕೂಡಲೇ ಓಟ ಶುರುವಾಗುವುದಿಲ್ಲ. ಬೋಗಿಗೆ ಬೋಗಿ ಸೇರಿಸಿ, ಗಾಳಿಯ ಕೊಳವೆ, ವಿದ್ಯುತ್ ಕೇಬಲ್, ಬ್ರೇಕು, ಬಾಗಿಲು, ಹವಾನಿಯಂತ್ರಣ ಎಲ್ಲವನ್ನೂ ನಿಂತಲ್ಲೇ ಪರೀಕ್ಷಿಸಬೇಕು. ಆಮೇಲೆ ಡಿಪೊದೊಳಗೆ ನಡಿಗೆಯ ವೇಗದಲ್ಲಿ ಚಲಿಸಬೇಕು. ಮುಖ್ಯ ಮಾರ್ಗಕ್ಕೆ ಮೊದಲ ಸಲ ಏರಿದಾಗಲೂ ಅಷ್ಟೇ. ರೈಲಿನ ಪಕ್ಕದಲ್ಲಿ ಜನ ನಡೆಯುತ್ತಾರೆ. ಪ್ಲಾಟ್‌ಫಾರ್ಮಿನ ಅಂಚಿಗೂ ಬೋಗಿಗೂ ಎಷ್ಟು ಸಂದಿಯಿದೆ, ತಿರುವಿನಲ್ಲಿ ಬೋಗಿಯ ಮೂಲೆ ಯಾವ ಕಂಬಕ್ಕೆ ಹತ್ತಿರವಾಗುತ್ತದೆ ಎಂದು ಕಣ್ಣಿಟ್ಟು ನೋಡುತ್ತಾರೆ. ನಕ್ಷೆಯಲ್ಲಿ ಅಳತೆ ಸರಿಯಿರುತ್ತದೆ. ನೆಲದ ಮೇಲೆ ಒಂದು ಫಲಕ, ಒಂದು ಕೇಬಲ್ ತಟ್ಟೆ ಎರಡಂಗುಲ ಮುಂದೆ ಚಾಚಿದ್ದರೆ ಅದು ಸಿಕ್ಕುವುದು ಈ ನಡಿಗೆಯಲ್ಲೇ.

ಅನಂತರ ವೇಗ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಒಂದು ವೇಗದಲ್ಲಿ ಬೋಗಿಯ ಅಲುಗಾಟ ಅಳೆದು, ಅಂಕಿಗಳನ್ನು ನೋಡಿ, ಸರಿಯಿದ್ದರೆ ಮುಂದಿನ ಮೆಟ್ಟಿಲು. ಖಾಲಿ ಬೋಗಿಯಲ್ಲಿ ಒಮ್ಮೆ, ಪ್ರಯಾಣಿಕರ ತೂಕಕ್ಕೆ ಸಮನಾದ ಭಾರ ಹೇರಿ ಇನ್ನೊಮ್ಮೆ. ಒಣ ಹಳಿಯಲ್ಲಿ ಬ್ರೇಕು ಹಿಡಿದು ಎಷ್ಟು ದೂರದಲ್ಲಿ ನಿಲ್ಲುತ್ತದೆ, ನೀರು ಸುರಿದ ಹಳಿಯಲ್ಲಿ ಎಷ್ಟು ದೂರ ಜಾರುತ್ತದೆ ಎಂದು ಅಳೆಯುತ್ತಾರೆ. ಲಖನೌದ ರೈಲ್ವೆ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒದ ಪರಿಣತರು ಕೂತು ನೋಡುವ ಪರೀಕ್ಷೆಗಳಿವು. ಅವರ ವೇಗ ಪ್ರಮಾಣಪತ್ರವಿಲ್ಲದೆ ಯಾವ ಹೊಸ ಮಾದರಿಯ ರೈಲೂ ಜನರನ್ನು ಹತ್ತಿಸಿಕೊಳ್ಳುವಂತಿಲ್ಲ.

ಕಣ್ಣಿಗೆ ಕಾಣದ ಸಿಗ್ನಲ್

160 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 44 ಮೀಟರ್. ಚಾಲಕ ಕಣ್ಣು ಮಿಟುಕಿಸಿ ಒಂದು ಉಸಿರೆಳೆಯುವಷ್ಟರಲ್ಲಿ ಎರಡು ಬೋಗಿಯಷ್ಟು ದೂರ ಸರಿದಿರುತ್ತದೆ. ಹಳಿಯ ಬದಿಯ ಕೆಂಪು ಹಸಿರು ದೀಪ ನೋಡಿ ಬ್ರೇಕು ಹಾಕುವ ಹಳೆಯ ಕ್ರಮವನ್ನೇ ನೆಚ್ಚಿಕೊಂಡು ಈ ವೇಗದಲ್ಲಿ ಒಂದರ ಹಿಂದೊಂದು ರೈಲು ಓಡಿಸಲಾಗದು.

ಆದ್ದರಿಂದ ಯುರೋಪಿನ ಇಟಿಸಿಎಸ್ ಎಂಬ ಸಿಗ್ನಲ್ ಪದ್ಧತಿಯನ್ನು ಇಲ್ಲಿ ಅಳವಡಿಸಿದರು. ಅದರ ತಿರುಳು ಸರಳ. ಎರಡು ಹಳಿಗಳ ನಡುವೆ ಅಲ್ಲಲ್ಲಿ ಚಪ್ಪಟೆ ಪೆಟ್ಟಿಗೆಗಳನ್ನು ಕೂರಿಸಿರುತ್ತಾರೆ. ಅದರ ಮೇಲೆ ಹಾದಾಗ ರೈಲಿಗೆ ‘ನಾನೀಗ ಇಂಥಲ್ಲಿದ್ದೇನೆ’ ಎಂದು ಖಚಿತವಾಗಿ ತಿಳಿಯುತ್ತದೆ. ರೈಲು ಅದನ್ನು ರೇಡಿಯೊ ಮೂಲಕ ನಿಯಂತ್ರಣ ಕೇಂದ್ರಕ್ಕೆ ಹೇಳುತ್ತದೆ. ಕೇಂದ್ರ ‘ಇಲ್ಲಿಂದ ಇಲ್ಲಿಯವರೆಗೆ ಹೋಗು, ಇಷ್ಟೇ ವೇಗದಲ್ಲಿ ಹೋಗು’ ಎಂದು ಅಪ್ಪಣೆ ಕೊಡುತ್ತದೆ. ಅಪ್ಪಣೆಯ ಗಡಿ ಸಮೀಪಿಸಿದರೂ ವೇಗ ಇಳಿಯದಿದ್ದರೆ ಯಂತ್ರವೇ ಬ್ರೇಕು ಹಾಕುತ್ತದೆ. ಈ ಮಾತುಕತೆಗೆ ನಮ್ಮ ಮೊಬೈಲಿನಲ್ಲಿರುವಂಥದೇ ಎಲ್‌ಟಿಇ ಜಾಲವನ್ನು, ರೈಲಿಗೆಂದೇ ಮೀಸಲಾಗಿ, ಬಳಸಿದ್ದು ಈ ಯೋಜನೆಯ ಹೆಮ್ಮೆ. ಮುಂದಿನ ಮಾರ್ಗಗಳೂ ಇದೇ ಭಾಷೆ ಆಡಿದರೆ ಮೀರತ್‌ನ ರೈಲು ದೆಹಲಿ ದಾಟಿ ಆಲ್ವಾರ್ ಕಡೆಗೂ ನೇರ ಓಡಬಲ್ಲದು, ಪ್ರಯಾಣಿಕ ಗಂಟುಮೂಟೆ ಹಿಡಿದು ಇನ್ನೊಂದು ರೈಲಿಗೆ ಓಡಬೇಕಿಲ್ಲ ಎಂಬ ದೂರದೃಷ್ಟಿ ಅದರ ಹಿಂದಿದೆ.

ಇಂಥ ವ್ಯವಸ್ಥೆಯಲ್ಲಿ ಪ್ರತಿಯೊಂದು ಭಾಗವೂ ಬಿಡಿಬಿಡಿಯಾಗಿ ಸರಿಯಿದ್ದರೆ ಸಾಲದು. ರೇಡಿಯೊ ಚೆನ್ನಾಗಿರಬಹುದು, ರೈಲು ಚೆನ್ನಾಗಿರಬಹುದು. ಎರಡೂ ಮಾತಾಡಿಕೊಳ್ಳುವಾಗ ಒಂದು ಶಬ್ದ ತಪ್ಪಿದರೆ ರೈಲು ನಡುದಾರಿಯಲ್ಲಿ ನಿಂತುಬಿಡುತ್ತದೆ. ಬೇಕೆಂದೇ ತಪ್ಪು ಮಾಡಿಸಿ ನೋಡುವ ಪರೀಕ್ಷೆ ಅದಕ್ಕಾಗಿ. ರೇಡಿಯೊ ಸಂಪರ್ಕ ಕಡಿದರೆ ಏನಾಗುತ್ತದೆ? ಚಾಲಕ ವೇಗದ ಮಿತಿ ಮೀರಿದರೆ? ಎದುರಿಗೆ ರೈಲು ನಿಂತಿದ್ದರೆ? ಪ್ರತಿ ಪ್ರಶ್ನೆಗೂ ಉತ್ತರ ಒಂದೇ ಆಗಿರಬೇಕು: ರೈಲು ಸುರಕ್ಷಿತವಾಗಿ ನಿಲ್ಲಬೇಕು.

ಬಾಗಿಲಿಗೆ ಬಾಗಿಲು

ಹತ್ತಿರದಿಂದ ನೋಡಬೇಕಾದದ್ದು ಬಾಗಿಲು. ಈ ಮಾರ್ಗದ ಪ್ಲಾಟ್‌ಫಾರ್ಮುಗಳ ಅಂಚಿಗೆ ಗಾಜಿನ ತಡೆಬಾಗಿಲುಗಳಿವೆ. ರೈಲು ಬಂದು ನಿಂತಾಗ ಬೋಗಿಯ ಬಾಗಿಲೂ ತಡೆಬಾಗಿಲೂ ಎದುರುಬದುರಾಗಿ ಕೂಡಬೇಕು. ಒಂದು ಮೊಳ ಹಿಂದೆ ಮುಂದೆ ನಿಂತರೆ ಗಾಲಿಕುರ್ಚಿಯವರಿಗೆ ದಾರಿಯಿಲ್ಲ. ಎರಡೂ ಒಟ್ಟಿಗೆ ತೆರೆಯಬೇಕು, ಒಟ್ಟಿಗೆ ಮುಚ್ಚಬೇಕು, ಎರಡೂ ಮುಚ್ಚಿವೆ ಎಂಬ ಸಂದೇಶ ಬಾರದೆ ರೈಲು ಹೊರಡಬಾರದು. ಮುಚ್ಚುವಾಗ ನಡುವೆ ಒಂದು ಕೈ, ಒಂದು ಚೀಲ, ಸೀರೆಯ ಸೆರಗು ಸಿಕ್ಕರೆ ಬಾಗಿಲು ಮತ್ತೆ ತೆರೆದುಕೊಳ್ಳಬೇಕು. ಇದೂ ಸಾಲದೆಂಬಂತೆ, ಬೋಗಿಯ ಬಾಗಿಲಿನ ಬಳಿ ಗುಂಡಿಯಿದೆ. ಇಳಿಯುವವರು, ಹತ್ತುವವರು ಒತ್ತಿದರೆ ಆ ಬಾಗಿಲೊಂದೇ ತೆರೆಯುವ ಏರ್ಪಾಡು. ಬೇಸಿಗೆಯಲ್ಲಿ ಒಳಗಿನ ತಂಪೂ ಚಳಿಗಾಲದಲ್ಲಿ ಒಳಗಿನ ಬಿಸುಪೂ ಉಳಿಯುತ್ತವೆ, ವಿದ್ಯುತ್ ಮಿಗುತ್ತದೆ.

ಈ ತಡೆಬಾಗಿಲುಗಳನ್ನು ದೇಶದಲ್ಲೇ ರೂಪಿಸುವ ಕೆಲಸದಲ್ಲಿ ನಿಗಮದ ಜೊತೆ ಕೈಜೋಡಿಸಿದ್ದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ನಮ್ಮೆಲ್ಲರ ಬಾಯಲ್ಲಿ ಬಿಇಎಲ್. ಜಾಲಹಳ್ಳಿಯ ಹೆಸರು ಗಾಜಿಯಾಬಾದ್‌ನ ಪ್ಲಾಟ್‌ಫಾರ್ಮಿನವರೆಗೆ ಹೋದದ್ದು ಕನ್ನಡಿಗರು ನೆನಪಿಡಬೇಕಾದ ಸಂಗತಿ.

ಬೋಗಿಯೊಳಗೂ ಇಂಥ ಯೋಚನೆ ಕಾಣುತ್ತದೆ. ದೂರದ ಓಡಾಟಕ್ಕೆ ಬೇಕಾದಂತೆ ಎರಡೆರಡರ ಸಾಲಿನ ಆಸನಗಳು, ಲಗೇಜಿಗೆ ಜಾಗ, ಮಹಿಳೆಯರಿಗೆ ಒಂದು ಬೋಗಿ, ಹೆಚ್ಚು ಅನುಕೂಲ ಬೇಕೆನ್ನುವವರಿಗೆ ಪ್ರೀಮಿಯಂ ಬೋಗಿ. ಕೊನೆಯ ಬೋಗಿಯಲ್ಲಿ ರೋಗಿಯನ್ನು ಸ್ಟ್ರೆಚರ್ ಸಮೇತ ಸಾಗಿಸಲು ಸ್ಥಳವಿದೆ. ಮೀರತ್‌ನಿಂದ ದೆಹಲಿಯ ಆಸ್ಪತ್ರೆಗೆ ಹೊರಟ ಕುಟುಂಬವೊಂದು ದಾರಿಯ ವಾಹನದಟ್ಟಣೆಯಲ್ಲಿ ಸಿಕ್ಕಿ ಪಡುವ ಪಾಡನ್ನು ಬಲ್ಲವರು ಮಾತ್ರ ಬಿಡಿಸಬಲ್ಲ ನಕ್ಷೆ ಅದು.

ಖಾಲಿ ರೈಲಿನ ದಿನಗಳು

ಯಂತ್ರ ಸಿದ್ಧವಾಯಿತು, ಇನ್ನು ಮನುಷ್ಯರು ಸಿದ್ಧರಾಗಬೇಕು. ಮಾರ್ಗ ನಡೆಸುವ ಮತ್ತು ನಿರ್ವಹಿಸುವ ಹೊಣೆಯನ್ನು 2022ರಲ್ಲಿ ಜರ್ಮನಿಯ ಡಾಯ್ಚ ಬಾನ್ ಸಂಸ್ಥೆಯ ಭಾರತೀಯ ಶಾಖೆಗೆ 12 ವರ್ಷಗಳ ಅವಧಿಗೆ ವಹಿಸಲಾಯಿತು. ಗಮನಿಸಬೇಕಾದದ್ದು ಇಸವಿಯನ್ನು. ಉದ್ಘಾಟನೆಗೆ ವರ್ಷಕ್ಕೂ ಮೊದಲೇ ನಡೆಸುವವರು ಬಂದು ಸೇರಿದ್ದರು. ಚಾಲಕರು, ನಿಲ್ದಾಣ ನಿಯಂತ್ರಕರು, ನಿಯಂತ್ರಣ ಕೇಂದ್ರದಲ್ಲಿ ಕೂರುವವರು, ರೈಲಿನೊಳಗೆ ಓಡಾಡುವ ಸಹಾಯಕರು, ನಿರ್ವಹಣೆಯ ತಂತ್ರಜ್ಞರು, ಎಲ್ಲರಿಗೂ ತರಬೇತಿ, ಪರೀಕ್ಷೆ, ಯೋಗ್ಯತಾಪತ್ರ ಆಗಬೇಕು. ಚಾಲಕರಾಗಿ ಬಂದವರಲ್ಲಿ ಯುವತಿಯರೂ ಇದ್ದರು.

ಕೊನೆಯ ಘಟ್ಟದಲ್ಲಿ ರೈಲುಗಳು ವೇಳಾಪಟ್ಟಿಯಂತೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಓಡುತ್ತವೆ. ಪ್ರತಿ ನಿಲ್ದಾಣದಲ್ಲಿ ನಿಲ್ಲುತ್ತವೆ, ಬಾಗಿಲು ತೆರೆಯುತ್ತವೆ, ‘ಮುಂದಿನ ನಿಲ್ದಾಣ’ ಎಂದು ಘೋಷಿಸುತ್ತವೆ, ಕೇಳುವವರಿಲ್ಲ. ಬಾಗಿಲು ಮುಚ್ಚಿ ಹೊರಡುತ್ತವೆ. ಹೊರಗಿನವರಿಗೆ ಇದು ವಿದ್ಯುತ್ತಿನ ದಂಡದಂತೆ ಕಂಡೀತು. ಒಳಗಿನವರಿಗೆ ಇದಕ್ಕಿಂತ ಬೆಲೆಬಾಳುವ ದಿನಗಳಿಲ್ಲ. ಯಾವ ಸ್ವಿಚ್ಚು ಮೂರನೇ ದಿನಕ್ಕೆ ಕೈಕೊಡುತ್ತದೆ, ಯಾವ ನಿಲ್ದಾಣದಲ್ಲಿ ಅರ್ಧ ನಿಮಿಷ ತಡವಾಗುತ್ತದೆ, ಪಾಳಿ ಬದಲಾಗುವ ಹೊತ್ತಿನಲ್ಲಿ ಯಾವ ಮಾತು ಒಬ್ಬರಿಂದ ಒಬ್ಬರಿಗೆ ದಾಟದೆ ಉಳಿಯುತ್ತದೆ, ಇವೆಲ್ಲ ತಿಳಿಯುವುದು ಆಗಲೇ. ಬೆಂಕಿ ಬಿದ್ದಂತೆ, ರೈಲು ನಡುಸೇತುವೆಯಲ್ಲಿ ಕೆಟ್ಟು ನಿಂತಂತೆ ಅಣಕು ಕಾರ್ಯಾಚರಣೆ ಮಾಡುತ್ತಾರೆ. ಕೆಟ್ಟ ರೈಲನ್ನು ಇನ್ನೊಂದು ರೈಲಿನಿಂದ ಎಳೆತರುವುದು, ಎತ್ತರದ ಸೇತುವೆಯಿಂದ ಜನರನ್ನು ಇಳಿಸುವುದು, ಅಗ್ನಿಶಾಮಕ ದಳಕ್ಕೆ ಯಾವ ಗೇಟಿನಿಂದ ದಾರಿ ಬಿಡುವುದು, ಎಲ್ಲವನ್ನೂ ಕೈಯಾರೆ ಮಾಡಿ ನೋಡುತ್ತಾರೆ. ಪುಸ್ತಕದಲ್ಲಿ ಓದಿದ್ದು ಕಾಲುಗಳಿಗೆ ಗೊತ್ತಾಗಬೇಕು.

ಕಡೆಗೆ ಮೆಟ್ರೊ ರೈಲು ಸುರಕ್ಷತಾ ಆಯುಕ್ತರ ಪರಿಶೀಲನೆ. ರೈಲು ಸುರಕ್ಷತಾ ಆಯೋಗ ನಮ್ಮ ದೇಶದಲ್ಲಿ ರೈಲ್ವೆ ಸಚಿವಾಲಯದ ಕೆಳಗಿಲ್ಲ. ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗಿದೆ. ರೈಲು ಓಡಿಸುವವರೇ ರೈಲಿಗೆ ಸುರಕ್ಷತೆಯ ಅಂಕ ಹಾಕಿಕೊಳ್ಳಬಾರದು ಎಂಬ ವಿವೇಕ ಇದರ ಹಿಂದಿದೆ. ಆಯುಕ್ತರು ಮಾರ್ಗವನ್ನು ಖುದ್ದು ನೋಡುತ್ತಾರೆ, ದಾಖಲೆ ಕೇಳುತ್ತಾರೆ, ಷರತ್ತು ಹಾಕುತ್ತಾರೆ. ಅವರ ಸಹಿ ಬೀಳದೆ ಎಂಥ ದೊಡ್ಡವರು ಬಂದರೂ ಜನರ ರೈಲು ಹೊರಡುವುದಿಲ್ಲ.

ತುಂಡಿಗೆ ತುಂಡು ಸೇರಿ

2023ರ ಅಕ್ಟೋಬರಿನಲ್ಲಿ ತೆರೆದ 17 ಕಿಲೋಮೀಟರಿನಲ್ಲಿ ಓಡಿದ ರೈಲಿಗೆ ‘ನಮೋ ಭಾರತ್’ ಎಂಬ ಹೆಸರು ಬಂತು. 2024ರ ಮಾರ್ಚ್ 6ರಂದು ಮುರಾದ್‌ನಗರ ದಾಟಿ ಮೋದಿನಗರ ಉತ್ತರದವರೆಗೆ ಇನ್ನೂ 17 ಕಿಲೋಮೀಟರ್ ಸೇರಿತು. ಆಗಸ್ಟ್ 18ರಂದು ಮೀರತ್ ದಕ್ಷಿಣದವರೆಗೆ 8 ಕಿಲೋಮೀಟರ್. 2025ರ ಜನವರಿ 5ರಂದು ಸಾಹಿಬಾಬಾದ್‌ನಿಂದ ಆನಂದ ವಿಹಾರದ ನೆಲದಡಿಯ ನಿಲ್ದಾಣದ ಮೂಲಕ ನ್ಯೂ ಅಶೋಕ ನಗರದವರೆಗೆ 13 ಕಿಲೋಮೀಟರ್ ಕೂಡಿ, ಸಂಚಾರದ ಉದ್ದ 55 ಕಿಲೋಮೀಟರ್, ನಿಲ್ದಾಣ ಹನ್ನೊಂದಾದವು. ಅಂದು ರೈಲು ಮೊದಲ ಬಾರಿಗೆ ದೆಹಲಿಯ ಗಡಿಯೊಳಗೆ ಬಂತು. ಆನಂದ ವಿಹಾರದಲ್ಲಿ ಎರಡು ಮೆಟ್ರೊ ಮಾರ್ಗ, ರೈಲ್ವೆ ಟರ್ಮಿನಲ್, ಅಂತರರಾಜ್ಯ ಬಸ್ ನಿಲ್ದಾಣ ಎಲ್ಲವೂ ಹತ್ತಿರದಲ್ಲಿವೆ. ಮಾರ್ಗದ ನಿಜವಾದ ಬಲ ಕಂಡದ್ದು ಆಗ. ಊರಿನ ಅಂಚಿನಲ್ಲೇ ನಿಲ್ಲುವ ರೈಲು ಎಷ್ಟು ವೇಗವಾಗಿದ್ದರೂ ಅರ್ಧ ಉಪಕಾರವೇ.

ಪ್ರತಿ ತುಂಡಿಗೂ ಮೇಲೆ ಹೇಳಿದ ಕ್ರಮವೆಲ್ಲ ಮತ್ತೆ ಮೊದಲಿನಿಂದ: ನಡಿಗೆ, ಅಳತೆ, ವಿದ್ಯುತ್, ಖಾಲಿ ಓಟ, ಪರಿಶೀಲನೆ, ಸಹಿ. ಹಳೆಯ ತುಂಡಿನಲ್ಲಿ ಜನರನ್ನು ಹೊತ್ತು ರೈಲು ಓಡುತ್ತಿರುವಾಗಲೇ ಹೊಸ ತುಂಡನ್ನು ಅದಕ್ಕೆ ಹೊಲಿಯಬೇಕು. ಹಾಕಿಕೊಂಡ ಅಂಗಿಗೆ ತೋಳು ಜೋಡಿಸಿದಷ್ಟು ಕಷ್ಟದ ಕೆಲಸ ಅದು.

ನಮ್ಮೂರಿನ ಮಾತು

ಈ ಕಥೆಯನ್ನು ಕನ್ನಡದಲ್ಲಿ ಹೇಳಲು ಕಾರಣವಿದೆ. ಬೆಂಗಳೂರು ಈ ಪಾಠವನ್ನು ತನ್ನ ಮೈಮೇಲೆಯೇ ಕಲಿತಿದೆ. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರ–ವೈಟ್‌ಫೀಲ್ಡ್ ಮೆಟ್ರೊ ತೆರೆದಾಗ ಬೈಯಪ್ಪನಹಳ್ಳಿಗೆ ಬರೀ ಎರಡು ಕಿಲೋಮೀಟರ್ ಬಾಕಿಯಿತ್ತು. ಆ ಎರಡು ಕಿಲೋಮೀಟರಿಗಾಗಿ ಜನ ಆರು ತಿಂಗಳು ಮೆಟ್ರೊ ಇಳಿದು ಬಸ್ಸು ಹತ್ತಿ ಮತ್ತೆ ಮೆಟ್ರೊ ಹತ್ತಿದರು. ಆರ್.ವಿ. ರಸ್ತೆ–ಬೊಮ್ಮಸಂದ್ರದ ಹಳದಿ ಮಾರ್ಗದಲ್ಲಿ ಕಂಬ, ಹಳಿ, ನಿಲ್ದಾಣ ಎಲ್ಲ ಎದ್ದು ನಿಂತಿದ್ದವು, ರೈಲೇ ಇರಲಿಲ್ಲ. ಮೊದಲ ರೈಲು 2024ರ ಫೆಬ್ರವರಿಯಲ್ಲಿ ಬಂತು. ಪರೀಕ್ಷೆಗಳೆಲ್ಲ ಮುಗಿದು 19 ಕಿಲೋಮೀಟರ್ ಮಾರ್ಗ ಉದ್ಘಾಟನೆಯಾದದ್ದು 2025ರ ಆಗಸ್ಟ್ 10ರಂದು. ಅದೂ ಮೂರೇ ರೈಲು, 25 ನಿಮಿಷಕ್ಕೊಂದು. ಖಾಲಿ ನಿಲ್ದಾಣದ ಕೆಳಗೆ ಸಿಲ್ಕ್ ಬೋರ್ಡ್‌ನ ದಟ್ಟಣೆಯಲ್ಲಿ ಕೂತವರಿಗೆ ಕಟ್ಟಿದ್ದಕ್ಕೂ ಸಿದ್ಧವಾದದ್ದಕ್ಕೂ ಇರುವ ಅಂತರವನ್ನು ಯಾರೂ ವಿವರಿಸಬೇಕಿಲ್ಲ.

ಈಗ ನಮ್ಮ ಕಣ್ಣೆಲ್ಲ ಉಪನಗರ ರೈಲಿನ ಮೇಲಿದೆ. ರಾಜ್ಯ ಸರ್ಕಾರ ಮತ್ತು ರೈಲ್ವೆ ಸಚಿವಾಲಯ ಕೂಡಿ ಕಟ್ಟಿದ ಕೆ–ರೈಡ್ ಸಂಸ್ಥೆಯ ಕೈಯಲ್ಲಿರುವ ಯೋಜನೆ ಅದು. ನಾಲ್ಕು ಮಾರ್ಗ, ಒಟ್ಟು 148 ಕಿಲೋಮೀಟರ್. ಹೆಸರುಗಳೂ ಚಂದ: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. 2020ರಲ್ಲಿ ಒಪ್ಪಿಗೆ, 2022ರ ಜೂನ್ 20ರಂದು ಶಂಕುಸ್ಥಾಪನೆ. ದೇವನಹಳ್ಳಿ, ರಾಜಾನುಕುಂಟೆ, ಚಿಕ್ಕಬಾಣಾವರ, ಹೀಲಲಿಗೆ ಕಡೆಯ ಜನ ದಶಕಗಳಿಂದ ಕಾಯುತ್ತಿರುವ ರೈಲು.

ಆ ಯೋಜನೆಯ ಹೊಣೆ ಹೊತ್ತವರಲ್ಲಿ ಒಂದು ವಿನಂತಿ. ಕಾಮಗಾರಿಯ ಪಟ್ಟಿಯಲ್ಲಿ ಕಂಬಗಳ ಲೆಕ್ಕದ ಜೊತೆಗೆ ರೈಲು ಬರುವ ತಿಂಗಳನ್ನೂ, ಡಿಪೊ ಮುಗಿಯುವ ತಿಂಗಳನ್ನೂ, ಚಾಲಕರ ತರಬೇತಿ ಶುರುವಾಗುವ ತಿಂಗಳನ್ನೂ, ಖಾಲಿ ರೈಲು ಓಡಬೇಕಾದ ತಿಂಗಳುಗಳನ್ನೂ ಇಂದೇ ಬರೆದಿಡಿ. ಅವನ್ನು ಜನರ ಮುಂದಿಡಿ. ಕೊನೆಯ ಗಳಿಗೆಯಲ್ಲಿ ಸಮಾರಂಭದ ದಿನಾಂಕಕ್ಕಾಗಿ ಖಾಲಿ ಓಟದ ದಿನಗಳನ್ನು ಕತ್ತರಿಸಬೇಡಿ. ಓದುಗರಲ್ಲೂ ಒಂದು ಮಾತು: ಹೊಸ ಮಾರ್ಗದಲ್ಲಿ ದೀಪ ಹಾಕಿಕೊಂಡ ಖಾಲಿ ರೈಲೊಂದು ನಿಮ್ಮ ತಲೆಯ ಮೇಲಿಂದ ಹಾದುಹೋದರೆ ದಂಡವೆಂದು ಬೈಯಬೇಡಿ. ಅದು ನಿಮಗಾಗಿ, ನಿಮ್ಮ ಮನೆಯವರಿಗಾಗಿ ಓಡುತ್ತಿರುವ ರೈಲು.